ಲಾಭ ಕೇಳುವ ಮುನ್ನ ಲೆಕ್ಕ ಕೇಳೋಣ

(ಅನಂತಪುರದ ಸಭೆಯೊಂದರಲ್ಲಿ ಮಾಡಿದ ಭಾಷಣ)



ಎಮ್ಮೆಯೊಂದನ್ನು ಕೊಳ್ಳುವಾಗ ನಾವು ಅದರ ಹಲ್ಲು ನೋಡುತ್ತೇವೆ, ಎರಡು ಹೊತ್ತಿನ ಹಾಲು ಕರೆಸಿ ಅಳೆಯುತ್ತೇವೆ. ಆದರೆ ಮಗಳ ಮದುವೆಗೆಂದು ಕೂಡಿಟ್ಟ ಹಣವನ್ನು ಕಂಪೆನಿಗೆ ಒಪ್ಪಿಸುವಾಗ ನಾವು ಕೇಳುವುದು ಒಂದೇ ಪ್ರಶ್ನೆ: ತಿಂಗಳಿಗೆ ಎಷ್ಟು ಬರುತ್ತದೆ?

ಈ ಅಜಾಗರೂಕತೆಯ ಬೆಲೆಯನ್ನು ನಮ್ಮ ಸಮುದಾಯವು 2019ರ ಜೂನ್‌ನಲ್ಲಿ ತೆತ್ತಿತು. ಬೆಂಗಳೂರಿನ ಐ ಮಾನಿಟರಿ ಅಡ್ವೈಸರಿ (ಐಎಂಎ) ಬಾಗಿಲು ಮುಚ್ಚಿದಾಗ ಸಾವಿರಾರು ಮಂದಿ, ಬಹುತೇಕ ಮುಸ್ಲಿಮರು, ದೂರು ಹಿಡಿದು ಸಾಲುಗಟ್ಟಿದರು. ಹೊಸಬರ ಹಣವನ್ನೇ ಹಳಬರಿಗೆ ಲಾಭವೆಂದು ಹಂಚಲಾಗಿತ್ತು ಎಂಬುದು ತನಿಖಾ ಸಂಸ್ಥೆಗಳ ಆರೋಪ. ‘ಹಲಾಲ್ ಹೂಡಿಕೆ’ ಎಂಬ ಹಣೆಪಟ್ಟಿಯನ್ನು ಓದಿದ ನಾವು ಲೆಕ್ಕಪತ್ರವನ್ನು ಓದಲಿಲ್ಲ. ಸಾಲದ ವ್ಯವಹಾರವನ್ನು ಬರೆದಿಡಬೇಕೆಂದು ಕುರ್‌ಆನ್ ಆದೇಶಿಸಿರುವಾಗ, ಲೆಕ್ಕ ಕೇಳುವುದು ಅವಿಶ್ವಾಸವಾಗುವುದಾದರೂ ಹೇಗೆ?

ಲೆಕ್ಕಪತ್ರ ಓದುವುದನ್ನು ಕಲಿಯಲು ನಾವು ದೂರ ಹೋಗಬೇಕಿಲ್ಲ. ನಮ್ಮ ಸಮೀಪದ ಉಗಾರ ಶುಗರ್ ವರ್ಕ್ಸ್ ಶೇರುಪೇಟೆಯಲ್ಲಿರುವ ಕಂಪೆನಿ; ಅದರ ವಾರ್ಷಿಕ ವರದಿಯನ್ನು ಯಾರೂ ನೋಡಬಹುದು. ಇಂತಹ ವರದಿಗಳಲ್ಲಿ ಮುಖ್ಯವಾಗಿ ಮೂರು ಹಾಳೆಗಳಿರುತ್ತವೆ. ಲಾಭ-ಹಾನಿ ಪತ್ರಿಕೆಯು ವರ್ಷದ ಗಳಿಕೆಯನ್ನು ಹೇಳುತ್ತದೆ. ಅಢಾವೆ ಪತ್ರಿಕೆಯು ಆಸ್ತಿಯೆಷ್ಟು, ಸಾಲವೆಷ್ಟು ಎಂಬುದನ್ನು ತಿಳಿಸುತ್ತದೆ. ನಗದು ಹರಿವಿನ ಪತ್ರಿಕೆಯು ಹಣ ನಿಜವಾಗಿ ಕೈಸೇರಿತೇ ಎಂಬುದನ್ನು ಬಯಲು ಮಾಡುತ್ತದೆ.

ಮೂರನ್ನೂ ಕೂಡಿಸಿ ಓದಬೇಕು. ಮಾರ್ಚ್ 31ರಂದು ಲೆಕ್ಕ ಮುಗಿಯುವಾಗ ಸಕ್ಕರೆ ಕಾರ್ಖಾನೆಗಳ ಗೋದಾಮು ಹಂಗಾಮಿನ ಸಕ್ಕರೆಯಿಂದ ತುಂಬಿರುತ್ತದೆ. ಅದು ಆಸ್ತಿ ನಿಜ. ಆದರೆ ಅದರ ಮೇಲೆ ಬ್ಯಾಂಕಿನ ಸಾಲವಿರಬಹುದು, ಕಬ್ಬಿನ ಬಿಲ್ಲೂ ಬಾಕಿಯಿರಬಹುದು. ಕಬ್ಬು ಪಡೆದ 14 ದಿನಗಳೊಳಗೆ ಹಣ ಪಾವತಿಸಬೇಕೆಂಬುದು 1966ರ ಕಬ್ಬು ನಿಯಂತ್ರಣ ಆದೇಶದ ನಿಯಮ. ಯಾವುದೇ ಕಾರ್ಖಾನೆಯು ಲಾಭ ತೋರಿಸಿಯೂ ರೈತರ ಬಾಕಿ ಉಳಿಸಿಕೊಂಡಿದ್ದರೆ, ಆ ಲಾಭ ಎಲ್ಲಿದೆ ಎಂದು ಕೇಳಲೇಬೇಕು.

ಇನ್ನು ಬೆಲೆಯ ವಿಚಾರ. ಕಂಪೆನಿಯೊಂದರ ಆಸ್ತಿ 100 ಕೋಟಿ, ಸಾಲ 70 ಕೋಟಿ ಎಂದಿಟ್ಟುಕೊಳ್ಳೋಣ. ಉಳಿಯುವುದು 30 ಕೋಟಿ. ಶೇರುಗಳು 3 ಕೋಟಿ ಇದ್ದರೆ ಒಂದಕ್ಕೆ 10 ರೂಪಾಯಿ ಆಸ್ತಿಯ ಆಧಾರವಿದೆ. ವಾರ್ಷಿಕ ಲಾಭ 6 ಕೋಟಿಯಾದರೆ ಶೇರಿಗೆ 2 ರೂಪಾಯಿ. ಅದನ್ನು 40 ರೂಪಾಯಿಗೆ ಕೊಳ್ಳುವವನು 20 ವರ್ಷಗಳ ಲಾಭವನ್ನು ಮುಂಗಡವಾಗಿ ಕೊಟ್ಟಂತೆ. ಲಾಭ ಬೆಳೆಯುವ ಭರವಸೆಗೆ ಆಧಾರವಿಲ್ಲದಿದ್ದರೆ ಅದು ದುಬಾರಿಯೇ.

ಲೆಕ್ಕಪತ್ರವೇ ಸುಳ್ಳಾದರೆ? ಅದೂ ಉಂಟು. ತನ್ನ ಲೆಕ್ಕದಲ್ಲಿದ್ದ 5,040 ಕೋಟಿ ರೂಪಾಯಿ ನಗದು ಅಸ್ತಿತ್ವದಲ್ಲೇ ಇಲ್ಲವೆಂದು ಸತ್ಯಂ ಕಂಪೆನಿಯ ಅಧ್ಯಕ್ಷರೇ 2009ರ ಜನವರಿಯಲ್ಲಿ ಒಪ್ಪಿಕೊಂಡರು. ಆದ್ದರಿಂದ ಒಂದೇ ವರ್ಷದ ಹಾಳೆಯನ್ನು ನಂಬದೆ, ಹಲವು ವರ್ಷಗಳ ಲೆಕ್ಕವನ್ನು ಹೋಲಿಸಿ ನೋಡೋಣ. ಎಲ್ಲ ಹಣವನ್ನೂ ಒಂದೇ ಕಡೆ ಇಡದಿರೋಣ.

ವಾಣಿಜ್ಯಶಾಸ್ತ್ರ ಓದಿದ ಯುವಕ ಯುವತಿಯರು ಇಂದು ನಮ್ಮ ಮೊಹಲ್ಲಾಗಳಲ್ಲಿದ್ದಾರೆ. ಹಣ ಕೊಡುವ ಮುನ್ನ ಆ ಹಾಳೆಗಳನ್ನು ಅವರ ಮುಂದಿಡಿರಿ. ಲೆಕ್ಕ ತೋರಿಸಲು ಹಿಂಜರಿಯುವವನು ಎಷ್ಟೇ ಧರ್ಮಿಷ್ಠನಂತೆ ಕಂಡರೂ, ಅವನ ಕೈಗೆ ನಿಮ್ಮ ದುಡಿಮೆಯನ್ನು ಒಪ್ಪಿಸದಿರಿ.