ಬ್ಯಾಟರಿ ಕಟ್ಟಿದ ದೀವದ ಹಕ್ಕಿ
(ಗ್ರಾಮಸ್ಥರು ಮತ್ತು ವಿದ್ಯಾರ್ಥಿಗಳಿಗಾಗಿ ನೀಡಿದ ಉಪನ್ಯಾಸದ ಪಠ್ಯ)



ಕಾಡುಮೃಗವನ್ನು ಸೆಳೆಯಲು ಬೇಟೆಗಾರನು ಮುಂದೊಡ್ಡುವ ಪಳಗಿದ ಮೃಗಕ್ಕೆ ಹಳಗನ್ನಡದಲ್ಲಿ ‘ದೀವ’ ಎಂಬ ಹೆಸರಿದೆ. ತನ್ನ ಜಾತಿಯ ಪ್ರಾಣಿಯೊಂದು ನಿರ್ಭಯವಾಗಿ ಮೇಯುತ್ತಿರುವುದನ್ನು ಕಂಡು, ಅಲ್ಲಿ ಅಪಾಯವಿಲ್ಲವೆಂದು ನಂಬಿ ಕಾಡಿನ ಮೃಗ ಹತ್ತಿರ ಬರುತ್ತದೆ. ಆ ನಂಬಿಕೆಯೇ ಅದಕ್ಕೆ ಮೃತ್ಯುವಾಗುತ್ತದೆ. ಇಂಗ್ಲೆಂಡಿನ ಹೊಲಗಳಲ್ಲಿ ಇಂದು ಈ ದೀವಕ್ಕೆ ಮೋಟಾರು ಮತ್ತು ಬ್ಯಾಟರಿ ಸೇರಿಕೊಂಡಿವೆ. ದೂರದೇಶದ ಈ ಸಂಗತಿಯಲ್ಲಿ ಮಲೆನಾಡು ಯೋಚಿಸಬೇಕಾದ ಅಂಶಗಳಿವೆ.

ಬ್ರಿಟನ್ನಿನಲ್ಲಿ ಸುಮಾರು 50 ಲಕ್ಷ ಜೋಡಿ ಕಾಡುಪಾರಿವಾಳಗಳು ಗೂಡು ಕಟ್ಟುತ್ತವೆ. ಎಣ್ಣೆಬೀಜ, ಬಟಾಣಿ, ಕೋಸುಗಳ ಎಳೆಯ ಬೆಳೆಗೆ ಅವು ಹಿಂಡಾಗಿ ಎರಗುವುದರಿಂದ ರೈತರಿಗೆ ಆಗುವ ನಷ್ಟ ಸುಳ್ಳಲ್ಲ. ಈ ಹಕ್ಕಿಯ ರೆಕ್ಕೆಯ ಮೇಲೆ ಅಗಲವಾದ ಬಿಳಿ ಪಟ್ಟೆಯಿದೆ. ಹಕ್ಕಿ ನೆಲಕ್ಕಿಳಿಯುವಾಗ ಆ ಬಿಳುಪು ದೂರಕ್ಕೆ ಮಿಂಚುತ್ತದೆ. ಹಾರುತ್ತಿರುವ ಇತರ ಹಕ್ಕಿಗಳಿಗೆ ಅದು ‘ಇಲ್ಲಿ ಮೇವಿದೆ’ ಎಂಬ ಸಂಕೇತ. ಬೇಟೆಗಾರರ ಯಂತ್ರ ಕದಿಯುವುದು ಈ ಸಂಕೇತವನ್ನೇ. ಉದ್ದನೆಯ ಎರಡು ಸರಳುಗಳ ತುದಿಗೆ ಸತ್ತ ಪಾರಿವಾಳವನ್ನೋ ಪ್ಲಾಸ್ಟಿಕ್ ಹಕ್ಕಿಯನ್ನೋ ಸಿಕ್ಕಿಸುತ್ತಾರೆ. ನಡುವಿನ 12 ವೋಲ್ಟಿನ ಮೋಟಾರು ಅವನ್ನು ಗಿರಗಿರನೆ ಸುತ್ತಿಸುತ್ತದೆ. ಮರೆಯಲ್ಲಿ ಕೋವಿ ಕಾದಿರುತ್ತದೆ.

ಇದು ಹೊಸ ಉಪಾಯವೇನಲ್ಲ. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಕೋಟ್ಯಂತರ ವಲಸೆ ಪಾರಿವಾಳಗಳಿದ್ದವು. ಜೀವಂತ ಹಕ್ಕಿಯೊಂದರ ಕಣ್ಣರೆಪ್ಪೆಗಳನ್ನು ಹೊಲಿದು, ಮೇಲೆ ಕೆಳಗೆ ಆಡುವ ಪೀಠಕ್ಕೆ ಅದನ್ನು ಕಟ್ಟುತ್ತಿದ್ದರು. ಪೀಠ ಕುಸಿದಾಗ ಹಕ್ಕಿ ರೆಕ್ಕೆ ಬಡಿಯುತ್ತಿತ್ತು, ಅದನ್ನು ಕಂಡ ಹಿಂಡು ಬಲೆಗೆ ಇಳಿಯುತ್ತಿತ್ತು. ಗೂಡುಗಳು ಎಲ್ಲಿವೆಯೆಂಬ ಸುದ್ದಿಯನ್ನು ತಂತಿ ಮುಟ್ಟಿಸಿತು, ಕೊಂದ ಹಕ್ಕಿಗಳನ್ನು ರೈಲು ಪೇಟೆಗೆ ಸಾಗಿಸಿತು; ಕಾಡೂ ಕಡಿದುಹೋಯಿತು. ಮಾರ್ಥಾ ಎಂಬ ಕೊನೆಯ ಹಕ್ಕಿ 1914ರ ಸೆಪ್ಟೆಂಬರ್ 1ರಂದು ಸಿನ್ಸಿನಾಟಿಯ ಮೃಗಾಲಯದಲ್ಲಿ ಸತ್ತಿತು. ಸಂಖ್ಯೆ ಹೇರಳವಾಗಿದೆ ಎಂಬುದು ಯಾವ ಜೀವಕ್ಕೂ ರಕ್ಷೆಯಲ್ಲ.

ಬ್ರಿಟನ್ನಿನ 1981ರ ವನ್ಯಜೀವಿ ಕಾಯಿದೆಯು ಕಟ್ಟಿಹಾಕಿದ, ಕುರುಡಾದ ಅಥವಾ ಗಾಯಗೊಂಡ ಹಕ್ಕಿಯನ್ನು ದೀವವಾಗಿ ಬಳಸುವುದನ್ನು ನಿಷೇಧಿಸಿದೆ. ಧ್ವನಿಮುದ್ರಿತ ಕೂಗಿನಿಂದ ಸೆಳೆಯುವುದಕ್ಕೂ ಅದರಲ್ಲಿ ತಡೆಯಿದೆ. ಆದರೆ ತಿರುಗುವ ಯಂತ್ರ ಆ ಪಟ್ಟಿಯಲ್ಲಿಲ್ಲ. ಇಂಗ್ಲೆಂಡಿನಲ್ಲಿ ಬೆಳೆ ರಕ್ಷಣೆಗಾಗಿ ಪಾರಿವಾಳ ಕೊಲ್ಲಲು ಯಾರೂ ಪ್ರತ್ಯೇಕ ಅರ್ಜಿ ಹಾಕಬೇಕಿಲ್ಲ. ಸಾಮಾನ್ಯ ಪರವಾನಗಿಯೊಂದು ಎಲ್ಲರಿಗೂ ಅನ್ವಯಿಸುತ್ತದೆ. ವೈಲ್ಡ್ ಜಸ್ಟಿಸ್ ಸಂಸ್ಥೆ ಕಾನೂನಿನ ಮೂಲಕ ಪ್ರಶ್ನಿಸಿದ್ದರಿಂದ 2019ರ ಏಪ್ರಿಲ್‌ನಲ್ಲಿ ಹಳೆಯ ಪರವಾನಗಿಗಳು ರದ್ದಾದವು. ಕೆಲವೇ ವಾರಗಳಲ್ಲಿ ಹೊಸವು ಬಂದವು. ಕೊಲ್ಲದೆಯೇ ಬೆಳೆ ಕಾಯುವ ಮಾರ್ಗವನ್ನು ಮೊದಲು ಯತ್ನಿಸಿದ್ದಾರೆಯೇ ಎಂಬ ಪ್ರಶ್ನೆ ಅಂದಿನಿಂದ ಹಿಂದಕ್ಕೆ ಸರಿದಿಲ್ಲ.

ಸಂಜೆಯಾದ ಮೇಲೆ ಹೊಲದಲ್ಲಿ ಉಳಿಯುವುದೇನು? ಒಂದು ತೋಟಾದಲ್ಲಿ ಸುಮಾರು 28 ಗ್ರಾಂ ಚರೆ ಇರುತ್ತದೆ. ಬಹುಕಾಲದಿಂದ ಅದು ಸೀಸದ್ದು. ಕಾಳನ್ನು ಅರೆಯಲು ಹರಳು ನುಂಗುವ ಹಕ್ಕಿಗಳು ಚರೆಯನ್ನೂ ನುಂಗಿ ವಿಷವೇರಿ ಸಾಯುತ್ತವೆ. ಸೀಸದ ಚರೆಯನ್ನು ಹಂತಹಂತವಾಗಿ ಕೈಬಿಡುವ ನಿರ್ಧಾರವನ್ನು ಬ್ರಿಟನ್ ಸರ್ಕಾರ 2025ರ ಜುಲೈನಲ್ಲಿ ಪ್ರಕಟಿಸಿತು. ಯಂತ್ರವನ್ನು ಸುತ್ತಿಸುವ ಬ್ಯಾಟರಿಯಲ್ಲಿಯೂ ಬಹುಪಾಲು ಇರುವುದು ಸೀಸ ಮತ್ತು ಗಂಧಕಾಮ್ಲ. ಅರ್ಧಕ್ಕಿಂತ ಕಡಿಮೆ ತೂಕದ ಲಿಥಿಯಂ ಬ್ಯಾಟರಿಗಳು ಈಗ ಬಂದಿವೆ. ಹೊರುವ ಭಾರ ಇಳಿಯಿತು. ಕೊಲ್ಲುವ ಕೆಲಸವೂ ಅಷ್ಟು ಹಗುರವಾಯಿತು.

ಇನ್ನು ಮಲೆನಾಡಿನ ಮಾತು. ಮುಖ್ಯವಾಗಿ ಪಶ್ಚಿಮಘಟ್ಟದಲ್ಲಿ ಕಾಣಸಿಗುವ ನೀಲಗಿರಿ ಕಾಡುಪಾರಿವಾಳವು ಕಾಡಿನ ಹಣ್ಣುಗಳನ್ನು ತಿಂದು ಬೀಜಗಳನ್ನು ಹರಡುತ್ತದೆ. ಅದರ ಅಳಿವಿನ ಅಪಾಯವನ್ನು ಅಂತರರಾಷ್ಟ್ರೀಯ ಪಟ್ಟಿಯೂ ಗುರುತಿಸಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಕೋವಿಯಿಂದ ಕೊಲ್ಲುವುದು ಮಾತ್ರವಲ್ಲ, ಬಲೆ ಹಾಕುವುದು, ಆಮಿಷವೊಡ್ಡುವುದು ಕೂಡ ಬೇಟೆಯೇ. ಮಂಗ, ಕಾಡುಹಂದಿಗಳಿಂದ ನೊಂದ ರೈತನಿಗೆ ನ್ಯಾಯವಾದ ಪರಿಹಾರ ಸಿಗಬೇಕು. ಆ ನೋವನ್ನೇ ನೆಪ ಮಾಡಿ ಪೇಟೆಯ ಯಂತ್ರಗಳು ಕಾಡಿಗೆ ನುಗ್ಗಬಾರದು.

ಇಂಗ್ಲೆಂಡಿನ ಹೊಲದ ಆ 12 ವೋಲ್ಟಿನ ಬ್ಯಾಟರಿ ಮಲೆನಾಡಿನಲ್ಲಿ ಸೋಲಾರ್ ಬೇಲಿಗೂ ಮನೆಯ ದೀಪಕ್ಕೂ ಆಧಾರ. ಮಳೆಗಾಲದಲ್ಲಿ ಬಿಸಿಲಿಲ್ಲದೆ ಬರಿದಾಗಿ ಬಿದ್ದ ಬ್ಯಾಟರಿಯ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಗೊಂಡು ಅದು ಬೇಗ ಸಾಯುತ್ತದೆ. ಸತ್ತ ಬ್ಯಾಟರಿಯನ್ನು ಒಡೆದು ಆಮ್ಲವನ್ನು ಹಳ್ಳಕ್ಕೆ ಸುರಿಯುವುದು, ಸೀಸವನ್ನು ಹಿತ್ತಿಲಲ್ಲಿ ಕರಗಿಸುವುದು ಮಕ್ಕಳ ಮೆದುಳಿಗೇ ಕುತ್ತು. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳಂತೆ ಅದನ್ನು ಬೇರೆ ಕಸದೊಡನೆ ಬೆರೆಸದೆ, ನೋಂದಾಯಿತ ಮರುಬಳಕೆದಾರರಿಗೆ ತಲುಪುವಂತೆ ಹಿಂದಿರುಗಿಸಬೇಕು.

ಯಂತ್ರಕ್ಕೆ ಯಾರನ್ನು ಕರೆಯುತ್ತಿದ್ದೇನೆ, ಏಕೆ ಕರೆಯುತ್ತಿದ್ದೇನೆ ಎಂಬ ಅರಿವಿಲ್ಲ. ಬ್ಯಾಟರಿ ಇರುವವರೆಗೆ ಅದು ತಿರುಗುತ್ತದೆ. ಸಾಕು ಎನ್ನುವ ಹೊಣೆ ಗುಂಡಿ ಒತ್ತುವ ಕೈಯದು.