ಇಂಜಿನಿಯರರ ಗಣಿತಸಾಧನಗಳು



ಕಟ್ಟೆ, ಸೇತುವೆ, ಮಹಾಸೌಧ ಇವುಗಳನ್ನು ಕಂಡವರು ಅವುಗಳ ಕಲ್ಲನ್ನೂ ಉಕ್ಕನ್ನೂ ಹೊಗಳುವರೇ ಹೊರತು, ಅವುಗಳ ಹಿಂದೆ ಅಡಗಿರುವ ಲೆಕ್ಕದ ಹಾಳೆಗಳನ್ನು ನೆನೆಯುವುದು ವಿರಳ. ಒಂದು ಕಂಬವು ಎಷ್ಟು ಭಾರವನ್ನು ತಾಳಬಲ್ಲುದು, ನಿಂತ ನೀರು ಗೋಡೆಯನ್ನು ಎಷ್ಟು ಬಲದಿಂದ ನೂಕುವುದು ಎಂಬುದನ್ನು ಕಟ್ಟುವುದಕ್ಕೆ ಮುಂಚೆಯೇ ತಿಳಿಯಬೇಕು. ಕಟ್ಟಿದ ಮೇಲೆ ತಿಳಿದು ಫಲವಿಲ್ಲ. ಆದಕಾರಣ ಇಂಜಿನಿಯರನ ಆಯುಷ್ಯದಲ್ಲಿ ದೊಡ್ಡದೊಂದು ಪಾಲು ಗುಣಾಕಾರ ಭಾಗಾಕಾರಗಳಲ್ಲಿಯೇ ಸವೆಯುತ್ತಿದ್ದಿತು. ಈ ಹೊರೆಯನ್ನು ಇಳಿಸಿದ ಸಾಧನಗಳು ಯಾವುವು, ಅವು ಬಂದಂತೆಲ್ಲ ಆ ವೃತ್ತಿಯವರ ಬಾಳು ಹೇಗೆ ತಿರುಗಿತು, ಹೊರೆಯೊಡನೆ ಇಳಿಸಬಾರದಾಗಿದ್ದ ಒಂದು ವಸ್ತುವೂ ಹೇಗೆ ಕೈಜಾರಿತು ಎಂಬುದೇ ಈ ಹೊತ್ತಿನ ವಿಷಯವು.

ಸ್ಕಾಟ್ಲೆಂಡ್ ದೇಶದ ಜಾನ್ ನೇಪಿಯರ್ ಎಂಬ ಜಮೀನುದಾರನು ಸುಮಾರು 20 ವರ್ಷ ಶ್ರಮಪಟ್ಟು, 1614ರಲ್ಲಿ ಲಾಗರಿದಮ್ ಎಂಬ ಸಂಖ್ಯೆಗಳ ಕೋಷ್ಟಕವನ್ನು ಪ್ರಕಟಿಸಿದನು. ಮರುವರ್ಷವೇ ಲಂಡನ್ನಿನ ಗಣಿತೋಪಾಧ್ಯಾಯನಾದ ಹೆನ್ರಿ ಬ್ರಿಗ್ಸನು ಅವನನ್ನು ಕಾಣಲು ಅಷ್ಟು ದೂರ ಪ್ರಯಾಣಮಾಡಿ ಬಂದನು. 10ನ್ನೇ ಆಧಾರವಾಗಿಟ್ಟುಕೊಂಡರೆ ಈ ಕೋಷ್ಟಕವು ಲೋಕಕ್ಕೆ ಸುಲಭವಾಗುವುದೆಂದು ಇಬ್ಬರೂ ಒಪ್ಪಿದರು. ನೇಪಿಯರನು 1617ರಲ್ಲಿ ತೀರಿಕೊಂಡನು. ಉಳಿದ ಕೆಲಸವನ್ನು ಬ್ರಿಗ್ಸನು ತಾನೇ ಹೊತ್ತು, 30,000 ಸಂಖ್ಯೆಗಳಿಗೆ 14 ದಶಾಂಶ ಸ್ಥಾನಗಳವರೆಗೆ ಲೆಕ್ಕಹಾಕಿ 1624ರಲ್ಲಿ ಅಚ್ಚು ಹಾಕಿಸಿದನು. ಇದರ ಮರ್ಮವು ಹೀಗಿರುವುದು: ಪ್ರತಿಯೊಂದು ಸಂಖ್ಯೆಗೂ ಒಂದೊಂದು ಜೊತೆಸಂಖ್ಯೆಯುಂಟು, ಎರಡು ಸಂಖ್ಯೆಗಳನ್ನು ಗುಣಿಸಬೇಕಾದಲ್ಲಿ ಅವುಗಳ ಜೊತೆಸಂಖ್ಯೆಗಳನ್ನು ಕೂಡಿಸಿ, ಬಂದ ಮೊತ್ತವು ಯಾವ ಸಂಖ್ಯೆಯ ಜೊತೆಯೆಂದು ಕೋಷ್ಟಕದಲ್ಲಿ ನೋಡಿದರೆ ಸಾಕು. ಗುಣಾಕಾರವು ಸಂಕಲನವಾಯಿತು, ಭಾಗಾಕಾರವು ವ್ಯವಕಲನವಾಯಿತು. ಮಗ್ಗಿಯನ್ನು ಉರುಹೊಡೆದು ದೊಡ್ಡ ದೊಡ್ಡ ಗುಣಾಕಾರಗಳನ್ನು ಹಲಗೆಯ ಮೇಲೆ ಮಾಡಿದವರಿಗೆ ಈ ಉಪಕಾರದ ಬೆಲೆಯನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಈ ಕೋಷ್ಟಕವನ್ನೇ ಮರದ ಪಟ್ಟಿಗೆ ಇಳಿಸಿದರೆ ಸ್ಲೈಡ್ ರೂಲ್ ಎಂಬ ಜಾರುಪಟ್ಟಿಯಾಗುವುದು. ಇಂಗ್ಲೆಂಡಿನ ವಿಲಿಯಮ್ ಆಟ್ರೆಡ್ ಎಂಬುವನು 1622ರ ಸುಮಾರಿಗೆ ಇಂತಹ ಎರಡು ಪಟ್ಟಿಗಳನ್ನು ಒಂದರ ಪಕ್ಕದಲ್ಲೊಂದು ಜಾರಿಸುವ ಉಪಾಯವನ್ನು ಕಂಡುಹಿಡಿದನು. ಇವನು ವೃತ್ತಿಯಿಂದ ಪಾದ್ರಿಯಾಗಿದ್ದನೆಂಬುದು ಗಮನಿಸತಕ್ಕ ಸಂಗತಿ. ಉಗಿಯಂತ್ರದ ಜೇಮ್ಸ್ ವಾಟನ ಕಾರ್ಖಾನೆಯಲ್ಲಿಯೂ ಇಂಜಿನಿಯರರಿಗೆಂದೇ ಇಂತಹ ಪಟ್ಟಿಯನ್ನು ಮಾಡಿಸಿದ್ದರು. ಹತ್ತೊಂಬತ್ತನೆಯ ಶತಮಾನದ ನಡುವೆ ಫ್ರಾನ್ಸಿನ ಸೇನಾಧಿಕಾರಿ ಮ್ಯಾನ್‌ಹೈಮನು ಅದಕ್ಕೆ ಗೆರೆಯನ್ನು ಗುರುತಿಸುವ ಓಡುಗಣ್ಣನ್ನು ಜೋಡಿಸಿ ಈಚಿನ ರೂಪವನ್ನು ಕೊಟ್ಟನು.

ಇದನ್ನು ಬಳಸುವ ಕ್ರಮವನ್ನು ಸ್ವಲ್ಪ ಲಾಲಿಸಬೇಕು. ಮುಂದಿನ ಮಾತೆಲ್ಲವೂ ಇದರ ಮೇಲೆಯೇ ನಿಂತಿರುವುದು. 2ನ್ನು 3ರಿಂದ ಗುಣಿಸಬೇಕಾದರೆ ಜಾರುವ ಪಟ್ಟಿಯ 1ನ್ನು ಕೆಳಗಿನ ಪಟ್ಟಿಯ 2ರ ಮೇಲೆ ನಿಲ್ಲಿಸಿ, ಜಾರುವ ಪಟ್ಟಿಯ 3ರ ಕೆಳಗೆ ನೋಡಿದರೆ 6 ಕಾಣುವುದು. 20ನ್ನು 300ರಿಂದ ಗುಣಿಸುವಾಗಲೂ ಪಟ್ಟಿಯನ್ನು ಹಾಗೆಯೇ ನಿಲ್ಲಿಸಬೇಕು. ಕಾಣುವುದೂ ಅದೇ 6. ಅದು ಆರೋ, ಆರುನೂರೋ, ಆರುಸಾವಿರವೋ ಎಂಬುದನ್ನು ಪಟ್ಟಿಯು ಹೇಳಲಾರದು. ದಶಾಂಶ ಬಿಂದುವು ಎಲ್ಲಿ ಬೀಳಬೇಕೆಂಬುದನ್ನು ಇಂಜಿನಿಯರನು ತನ್ನ ಮನಸ್ಸಿನಲ್ಲಿ ಇಟ್ಟುಕೊಂಡಿರಬೇಕು. ಇದಲ್ಲದೆ ಮೂರು ಅಂಕಿಗಳಿಗಿಂತ ಹೆಚ್ಚಿಗೆ ಅದರಲ್ಲಿ ನಿಶ್ಚಯವಾಗಿ ಓದುವುದು ಕಷ್ಟ. ಸಾಧನದ ಈ ಕೊರತೆಗಳೇ ಇಂಜಿನಿಯರನಿಗೆ ಶಿಕ್ಷಣವಾಗಿದ್ದುವು. ಉತ್ತರವು ಹೆಚ್ಚುಕಡಿಮೆ ಎಷ್ಟಿರಬೇಕೆಂಬುದನ್ನು ಮೊದಲೇ ಊಹಿಸದವನಿಗೆ ಪಟ್ಟಿಯು ಉಪಯೋಗಕ್ಕೆ ಬಾರದು. ಅನುಭವಿಯಾದ ಬಡಗಿಯ ಕಣ್ಣಳತೆ ಎಂಬುದೊಂದುಂಟಲ್ಲವೆ? ಅಂತಹ ಕಣ್ಣಳತೆಯು ಸಂಖ್ಯೆಗಳ ವಿಷಯದಲ್ಲಿ ದಿನದಿನದ ಅಭ್ಯಾಸದಿಂದ ಅವರಿಗೆ ಬರುತ್ತಿದ್ದಿತು. ಕನ್ನಂಬಾಡಿಯ ಕಟ್ಟೆಯ ಕೆಲಸವು 1911ರಲ್ಲಿ ಆರಂಭವಾದಾಗ ಪ್ರಪಂಚದಲ್ಲಿ ಎಲ್ಲಿಯೂ ವಿದ್ಯುನ್ಮಾನ ಗಣಕವಿರಲಿಲ್ಲ. ಮನುಷ್ಯರು ಕೂತು ಹಾಕಿದ ಲೆಕ್ಕವನ್ನು ನಂಬಿಯೇ ಕಾವೇರಿಯನ್ನು ತಡೆದು ನಿಲ್ಲಿಸಿದುದಾಯಿತು.

ಲೆಕ್ಕವು ಒಬ್ಬನ ಕೈಗೆ ಮೀರಿದಾಗ ಅದಕ್ಕೆಂದೇ ಜನರನ್ನು ನೇಮಿಸುತ್ತಿದ್ದರು. ಇಂಗ್ಲಿಷಿನ ಕಂಪ್ಯೂಟರ್ ಎಂಬ ಪದವು ಬಹುಕಾಲ ಇಂತಹ ಮನುಷ್ಯರಿಗೇ ಸಲ್ಲುತ್ತಿದ್ದಿತು. ನಮ್ಮ ಗಣಕ ಶಬ್ದದ ಕಥೆಯೂ ಹಾಗೆಯೇ. ಸಂಸ್ಕೃತದಲ್ಲಿ ಅದಕ್ಕೆ ಎಣಿಸುವವನು, ಜೋಯಿಸ ಎಂಬುದೇ ಅರ್ಥ. ಅಮೆರಿಕದ ವರ್ಜೀನಿಯಾ ಪ್ರಾಂತದ ಲ್ಯಾಂಗ್ಲಿ ಎಂಬಲ್ಲಿರುವ ವಿಮಾನ ಸಂಶೋಧನಾಲಯದಲ್ಲಿ 1935ರಲ್ಲಿ ಐವರು ಸ್ತ್ರೀಯರ ಗಣಕವರ್ಗವು ಆರಂಭವಾಯಿತು. 1943ರಿಂದ ಕಪ್ಪುವರ್ಣದ ಸ್ತ್ರೀಯರೂ ಈ ಕೆಲಸಕ್ಕೆ ಬಂದರು. ಅವರನ್ನು ಬೇರೆ ಕೋಣೆಯಲ್ಲಿ ಕೂರಿಸಿ, ಊಟಕ್ಕೆ ಬೇರೆ ಮೇಜನ್ನು ಗೊತ್ತುಮಾಡಿದ್ದರು. ಅಂಕಿಗಳಲ್ಲಿಲ್ಲದ ಪಂಕ್ತಿಭೇದವು ಅಂಕಿಗಳನ್ನು ಬರೆಯುವವರಲ್ಲಿದ್ದಿತು! ಆ ವರ್ಗಕ್ಕೆ 1949ರಲ್ಲಿ ಮುಖ್ಯಸ್ಥೆಯಾದ ಡೊರೊತಿ ವಾನ್ ಎಂಬಾಕೆಯು, ಗಣಕಯಂತ್ರಗಳು ಬಂದಾಗ ತಮ್ಮೆಲ್ಲರ ಜೀವನೋಪಾಯಕ್ಕೆ ಏನಾಗಬಹುದೆಂಬುದನ್ನು ಬೇಗನೆ ಗ್ರಹಿಸಿದಳು. ಫೋರ್ಟ್ರಾನ್ ಎಂಬ ಕ್ರಮವಿಧಿಭಾಷೆಯನ್ನು ತಾನು ಕಲಿತು, ಜೊತೆಯವರಿಗೂ ಕಲಿಸಿದಳು. ಎಣಿಸುತ್ತಿದ್ದವರು ಎಣಿಸುವ ಯಂತ್ರಕ್ಕೆ ಆಜ್ಞೆ ಬರೆಯುವವರಾದರು. ಅದೇ ಸಂಸ್ಥೆಯ ಕ್ಯಾಥರಿನ್ ಜಾನ್ಸನ್ ಎಂಬ ಗಣಿತಜ್ಞೆಯ ಹೆಸರು ಈಗ ಸರ್ವವಿದಿತವು. 1962ರ ಫೆಬ್ರುವರಿಯಲ್ಲಿ ಭೂಮಿಯನ್ನು ಸುತ್ತಿಬರಲು ಹೊರಟಿದ್ದ ಜಾನ್ ಗ್ಲೆನ್ನನು, ಯಂತ್ರವು ಕೊಟ್ಟ ಅಂಕಿಗಳನ್ನು ಆಕೆ ತನ್ನ ಕೈಯಿಂದ ತಾಳೆನೋಡಿ ಸರಿಯೆಂದ ಮೇಲೆಯೇ ತಾನು ಹೊರಡುವೆನೆಂದನು. ಪ್ರಾಣವನ್ನು ಪಣವಾಗಿ ಒಡ್ಡಿದವನ ಮಾತದು.

ಇನ್ನು 1972ರ ವಿಚಾರ. ಆ ವರ್ಷ ಹ್ಯೂಲೆಟ್ ಪ್ಯಾಕರ್ಡ್ ಸಂಸ್ಥೆಯವರು ಅಂಗಿಯ ಜೇಬಿನಲ್ಲಿಡಬಹುದಾದ ಗಣಕವೊಂದನ್ನು 395 ಡಾಲರ್ ಬೆಲೆಗೆ ಮಾರಾಟಕ್ಕೆ ತಂದರು. 35 ಗುಂಡಿಗಳಿದ್ದುದರಿಂದ ಅದಕ್ಕೆ ಎಚ್‌ಪಿ-35 ಎಂದು ಹೆಸರು. ಲಾಗರಿದಮ್ಮಾಗಲಿ, ಕೋನಗಳ ಲೆಕ್ಕವಾಗಲಿ ಗುಂಡಿಯೊತ್ತಿದ ಕ್ಷಣದಲ್ಲಿ ಹತ್ತು ಅಂಕಿಗಳಲ್ಲಿ ಮೂಡುವುದು. ದಶಾಂಶ ಬಿಂದುವನ್ನು ಯಂತ್ರವೇ ಇಡುವುದು. ಮುನ್ನೂರೈವತ್ತು ವರ್ಷಗಳ ಜಾರುಪಟ್ಟಿಯ ಆಳ್ವಿಕೆಯು ಐದು ವರ್ಷ ತುಂಬುವುದರೊಳಗೆ ಮುಗಿಯಿತು. ಅಮೆರಿಕದ ಪ್ರಸಿದ್ಧ ತಯಾರಕರು ಪಟ್ಟಿ ಮಾಡುವುದನ್ನೇ ನಿಲ್ಲಿಸಿದರು. ಚರ್ಮದ ಚೀಲದಲ್ಲಿ ಪಟ್ಟಿಯನ್ನು ಸೊಂಟಕ್ಕೆ ತೂಗಿಹಾಕಿಕೊಂಡು ಕಾಲೇಜಿಗೆ ಹೋಗುತ್ತಿದ್ದ ಇಂಜಿನಿಯರಿಂಗ್ ವಿದ್ಯಾರ್ಥಿಯ ಗುರುತೂ ಅದರೊಡನೆ ಅಳಿಯಿತು. ನಕ್ಷೆ ಬರೆಯುವವರ ಓರೆಹಲಗೆಗೂ ಮುಂದೆ ಇದೇ ಗತಿಯಾಯಿತು; 1963ರಲ್ಲಿ ಐವನ್ ಸದರ್ಲೆಂಡನು ಯಂತ್ರದ ಪರದೆಯ ಮೇಲೆ ಗೆರೆಯೆಳೆದು ತೋರಿಸಿದ್ದ ವಿದ್ಯೆಯು 1982ರಲ್ಲಿ ಬಂದ ಆಟೋಕ್ಯಾಡಿನ ಮೂಲಕ ಸಣ್ಣಪುಟ್ಟ ಕಚೇರಿಗಳಿಗೂ ತಲುಪಿತು.

ಈ ಸಾಧನಗಳನ್ನು ಹಳಿಯುವುದು ಇಲ್ಲಿನ ಉದ್ದೇಶವಲ್ಲ. ತಿಂಗಳುಗಟ್ಟಲೆ ಹಿಡಿಯುತ್ತಿದ್ದ ಲೆಕ್ಕವು ದಿನವೊಂದರಲ್ಲಿ ಮುಗಿದರೆ ಬೇಡವೆನ್ನುವ ಮೂಢನಾರು? ಆದರೆ ಹತ್ತು ಅಂಕಿಗಳ ಉತ್ತರವನ್ನು ಕಂಡಾಗ ಮನಸ್ಸು ತಾನಾಗಿ ತಲೆಬಾಗುವುದು. ಮೊದಮೊದಲು ಮಾರಾಟವಾದ ಎಚ್‌ಪಿ-35 ಯಂತ್ರಗಳಲ್ಲಿಯೇ ಒಂದು ದೋಷವಿದ್ದಿತು: 2.02ರ ಲಾಗರಿದಮ್ಮನ್ನು ತೆಗೆದು, ಅದರಿಂದ ಮತ್ತೆ ಮೂಲ ಸಂಖ್ಯೆಗೆ ಹಿಂದಿರುಗಿದರೆ ಬರುವುದು 2 ಮಾತ್ರ. ಯಂತ್ರವು ತಪ್ಪನ್ನೂ ಸರಿಯನ್ನೂ ಒಂದೇ ಗಾಂಭೀರ್ಯದಿಂದ ಹೇಳುವುದು.

ಇದರಿಂದ ಏನಾಗಬಹುದೆಂಬುದಕ್ಕೆ ಅಮೆರಿಕದ ಹಾರ್ಟ್‌ಫರ್ಡ್ ನಗರದ ಕ್ರೀಡಾಮಂದಿರವು ಸಾಕ್ಷಿ. ಸಾವಿರಾರು ಉಕ್ಕಿನ ಸರಳುಗಳನ್ನು ಹೆಣೆದು ಮಾಡಿದ ಅದರ ವಿಶಾಲವಾದ ಚಾವಣಿಯನ್ನು ಗಣಕಯಂತ್ರದ ಲೆಕ್ಕದಿಂದಲೇ ರಚಿಸಿದ್ದರು. ಹಾಗೆ ಮಾಡಿದುದರಿಂದ ಉಕ್ಕಿನ ಖರ್ಚೂ ಉಳಿದಿತ್ತು. ಚಾವಣಿಯನ್ನು ಜೋಡಿಸಿ ಎತ್ತುವ ಕಾಲಕ್ಕೆ ಅಳೆದು ನೋಡಲಾಗಿ, ಅದು ಲೆಕ್ಕ ಹೇಳಿದ್ದುದರ ಸುಮಾರು ಎರಡರಷ್ಟು ಬಾಗಿದ್ದಿತು. ಅಷ್ಟು ವ್ಯತ್ಯಾಸವು ಸಹಜವೆಂದು ರಚನಾಕಾರರಿಂದ ಉತ್ತರ ಬಂದಿತು. ಉಕ್ಕು ತಾನೇ ಬಾಗಿ ತೋರಿಸುತ್ತಿದ್ದರೂ ನಂಬಿಕೆಯು ಕಾಗದದ ಮೇಲಿತ್ತು. 1978ರ ಜನವರಿ 17ರ ರಾತ್ರಿ ಸುಮಾರು 5,000 ಜನರು ಅದರ ಕೆಳಗೆ ಕುಳಿತು ಚೆಂಡಾಟವನ್ನು ನೋಡಿ ಮನೆಗೆ ಹೋದರು. ಬೆಳಗಿನ ಜಾವ ನಾಲ್ಕು ಗಂಟೆ ಮೀರಿದ ಮೇಲೆ, ಹಿಮದ ಭಾರವನ್ನು ತಾಳಲಾರದೆ ಚಾವಣಿಯು ಸಮಸ್ತವೂ ಕುಸಿದುಬಿದ್ದಿತು. ಒಳಗೆ ಯಾರೂ ಇರಲಿಲ್ಲ. ಕೆಲವೇ ಗಂಟೆಗಳ ಅಂತರದಲ್ಲಿ ಉಳಿದ ಜೀವಗಳವು. ವಿಚಾರಣೆ ಮಾಡಿದಾಗ, ಮೇಲಣ ಸರಳುಗಳಿಗೆ ನಡುವೆ ಆಸರೆಯಿರುವುದೆಂದು ಭಾವಿಸಿ ಲೆಕ್ಕವಾಗಿತ್ತೆಂದೂ, ನಿಜವಾಗಿ ಆ ಆಸರೆಯು ಸಾಲದಾಗಿತ್ತೆಂದೂ ಹೊರಬಿದ್ದಿತು. ಯಂತ್ರವು ತನಗೆ ಕೊಟ್ಟುದನ್ನು ಎಣಿಸಿತು, ಕೊಡುವಾಗಲೇ ತಪ್ಪಿತ್ತು.

ನಾರ್ವೆ ದೇಶದಲ್ಲಿ ನಡೆದುದು ಇದಕ್ಕಿಂತಲೂ ವಿಚಿತ್ರ. ಸಮುದ್ರದ ತಳದಿಂದ ಅನಿಲವನ್ನು ತೆಗೆಯಲು ಸ್ಲೀಪ್ನರ್ ಎಂಬ ಕಾಂಕ್ರೀಟಿನ ಮಹಾಪೀಠವೊಂದನ್ನು ಕಟ್ಟಿ, 1991ರ ಆಗಸ್ಟ್ 23ರಂದು ಸ್ಟವಾಂಗರ್ ಬಳಿಯ ಕೊಲ್ಲಿಯಲ್ಲಿ ಪರೀಕ್ಷೆಗಾಗಿ ಮುಳುಗಿಸುತ್ತಿದ್ದರು. ಸುಮಾರು 65 ಮೀಟರು ಇಳಿಯುವಷ್ಟರಲ್ಲಿ ಒಳಗಿನ ಗೋಡೆಯೊಂದು ಸೀಳಿತು. ಪೀಠವು ತಳಕ್ಕೆ ಹೋಗಿ ಚೂರುಚೂರಾಯಿತು. ಪ್ರಾಣಹಾನಿಯಾಗಲಿಲ್ಲ, ಆದರೆ ನಷ್ಟವು ಸುಮಾರು 70 ಕೋಟಿ ಡಾಲರ್. ಆ ಗೋಡೆಯು ಕತ್ತರಿಸಿಹೋಗುವಂತೆ ನೂಕುವ ಬಲವನ್ನು ಗಣಕಯಂತ್ರದ ಲೆಕ್ಕವು 100ಕ್ಕೆ 47ರಷ್ಟು ಕಡಿಮೆಯಾಗಿ ತೋರಿಸಿದ್ದಿತು.

ಹೊಸ ಪೀಠವನ್ನು ಕಟ್ಟಲು ಕಾಲಾವಕಾಶವು ಅತ್ಯಲ್ಪ. ಯಂತ್ರದ ಲೆಕ್ಕವನ್ನು ಶೋಧಿಸಿ ಮತ್ತೆ ಮಾಡಿಸುವವರೆಗೆ ಕಾಯುವಂತಿರಲಿಲ್ಲ. ಆಗ ಅಲ್ಲಿನ ಇಂಜಿನಿಯರರು ಗಣಕಯಂತ್ರಕ್ಕೆ ಮುಂಚಿನ, ಜಾರುಪಟ್ಟಿಯ ಕಾಲದ ಪದ್ಧತಿಯಂತೆ ಕೈಯಿಂದಲೇ ಲೆಕ್ಕಹಾಕಲು ಕುಳಿತರು. ಯಂತ್ರದ ಹೊಸ ಉತ್ತರಗಳು ಬರುವ ಹೊತ್ತಿಗೆ ಪೀಠದ ರಚನೆಯನ್ನು ಅವರು ಪೂರ್ತಿ ಮುಗಿಸಿದ್ದರು. ಅದು 1993ರಲ್ಲಿ ಉತ್ತರ ಸಮುದ್ರದ 82 ಮೀಟರು ಆಳದಲ್ಲಿ ನೆಲೆನಿಂತಿತು.