ವನ್ಯಜೀವಿ ವಿಜ್ಞಾನ: ಹಾಸನ ಸೀಮೆಯ ವಿದ್ಯಾರ್ಥಿಗಳ ಮುಂದಿರುವ ಹಾದಿ



ವನ್ಯಜೀವಿ ವಿಜ್ಞಾನವೆಂದರೆ ದೂರದ ಅಭಯಾರಣ್ಯಗಳಿಗೆ ಸಂಬಂಧಿಸಿದ್ದು ಎಂಬ ಭಾವನೆ ಕಾಲೇಜುಗಳಲ್ಲಿ ಇನ್ನೂ ಉಳಿದಿದೆ. ಆದರೆ ಆ ವಿಜ್ಞಾನದ ಅತ್ಯಂತ ಕಠಿಣ ಪ್ರಶ್ನೆಗಳಲ್ಲೊಂದು ಆಲೂರು, ಸಕಲೇಶಪುರ, ಅರಕಲಗೂಡು ತಾಲ್ಲೂಕುಗಳ ಕಾಫಿ ತೋಟ, ಗದ್ದೆಬಯಲುಗಳಲ್ಲಿಯೇ ಇದೆ. ತುಂಡುತುಂಡಾದ ಕಾಡಿನ ನಡುವೆ ಆನೆಯೂ ಮನುಷ್ಯನೂ ಬಾಳುವುದು ಹೇಗೆ ಎಂಬುದೇ ಆ ಪ್ರಶ್ನೆ.

ಈ ಪ್ರಶ್ನೆ ಉಚ್ಚ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ರಾಮನ್ ಸುಕುಮಾರ್ ಅವರ ಅಧ್ಯಕ್ಷತೆಯ ಆನೆ ಕಾರ್ಯಪಡೆಯು 2012ರಲ್ಲಿ ವರದಿ ಸಲ್ಲಿಸಿ, ಸಂರಕ್ಷಣೆಯ ವಲಯ, ಸಹಬಾಳ್ವೆಯ ವಲಯ, ಆನೆಗಳನ್ನು ತೆರವುಗೊಳಿಸಬೇಕಾದ ವಲಯ ಎಂಬ ಮೂರು ಬಗೆಯ ವಿಂಗಡಣೆಯನ್ನು ಸೂಚಿಸಿತು. ಆಲೂರು ಭಾಗವು ಮೂರನೆಯದಕ್ಕೆ ಸೇರಿತು. 2014ರಲ್ಲಿ ಆಲೂರು–ಸಕಲೇಶಪುರ ಸೀಮೆಯಿಂದ 22 ಆನೆಗಳನ್ನು ಹಿಡಿಯಲಾಯಿತು. ಆದರೂ ಆನೆಗಳು ಮತ್ತೆ ಬಂದವು, ಸಾವುನೋವು ನಿಲ್ಲಲಿಲ್ಲ. 2023ರ ಡಿಸೆಂಬರಿನಲ್ಲಿ ಯಸಳೂರು ಬಳಿಯ ಕಾರ್ಯಾಚರಣೆಯಲ್ಲಿ, ದಸರೆಯ ಅಂಬಾರಿ ಹೊತ್ತಿದ್ದ ಅರ್ಜುನನೂ ಕಾಡಾನೆಯೊಡನೆ ಕಾದಾಡಿ ಪ್ರಾಣ ಕಳೆದುಕೊಂಡಿತು.

ಹಿಡಿದು ಸಾಗಿಸಿದ ಮೇಲೂ ಆನೆಗಳು ಬರುವುದೇಕೆ? ಇದಕ್ಕೆ ಉತ್ತರ ಆವೇಶದಿಂದ ದೊರಕದು. ಕಿವಿಯ ಹರಕು, ದಂತದ ವಾಲಿಕೆ, ಬಾಲದ ಕೂದಲು ನೋಡಿ ಒಂದೊಂದು ಆನೆಯನ್ನೂ ಗುರುತಿಸಬೇಕು. ಯಾವ ತಿಂಗಳಲ್ಲಿ ಯಾವ ಹಿಂಡು ಎಲ್ಲಿ ತಂಗುತ್ತದೆಂದು ವರ್ಷಗಟ್ಟಲೆ ದಾಖಲಿಸಬೇಕು. ಮೈಸೂರಿನ ನೇಚರ್ ಕನ್ಸರ್ವೇಷನ್ ಫೌಂಡೇಷನ್ ಹಾಸನ ಜಿಲ್ಲೆಯಲ್ಲಿ ಇಂಥ ಅಧ್ಯಯನವನ್ನು ಆಧರಿಸಿ, ಆನೆಗಳ ಇರುವನ್ನು ಮೊಬೈಲ್ ಸಂದೇಶಗಳ ಮೂಲಕ ಜನರಿಗೆ ಮುಂಚಿತವಾಗಿ ತಿಳಿಸುವ ವ್ಯವಸ್ಥೆಯನ್ನು ರೂಪಿಸಿತು. ಮುಂಜಾನೆ ತೋಟಕ್ಕೆ ಹೊರಡುವ ಕೂಲಿಯಾಳಿನ ಪಾಲಿಗೆ ಆ ಒಂದು ಸಾಲು ಜೀವರಕ್ಷೆ.

ಪ್ರಶ್ನೆಗಳು ಆನೆಗೆ ಮುಗಿಯುವುದಿಲ್ಲ. 1979ರಲ್ಲಿ ಗೊರೂರಿನ ಅಣೆಕಟ್ಟು ಪೂರ್ಣಗೊಂಡ ಬಳಿಕ ಹೊಳೆನರಸೀಪುರದ ಹೇಮಾವತಿಯಲ್ಲಿ ಜಲಚರಗಳ ಬದುಕು ಹೇಗೆ ಬದಲಾಯಿತು? ಚನ್ನರಾಯಪಟ್ಟಣದ ಬಂಡೆಗುಡ್ಡ, ತೆಂಗಿನ ತೋಟಗಳ ನಡುವೆ ಚಿರತೆ ಏನು ತಿಂದು ಬದುಕುತ್ತದೆ? ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಭಕ್ತಿಯ ಕಾರಣದಿಂದ ಕಾವೇರಿಯ ಮೀನುಗಳಿಗೆ ರಕ್ಷಣೆ ದೊರೆತಿದೆ. ಆ ರಕ್ಷಣೆಯ ಫಲವನ್ನು ಅಳೆಯುವವರು ಯಾರು? ಕಾವೇರಿಯ ಗೂನುಬೆನ್ನಿನ ಮಹಶೀರ್ ಬೆಸ್ತರಿಗೂ ಗಾಳದವರಿಗೂ ಶತಮಾನದಿಂದ ಪರಿಚಿತ. ಅದರ ವೈಜ್ಞಾನಿಕ ಹೆಸರು ಖಚಿತವಾದದ್ದು ಮಾತ್ರ 2018ರಲ್ಲಿ. ಆ ವೇಳೆಗೆ ಅದು ಅಳಿವಿನ ಅಂಚಿಗೆ ಬಂದಿತ್ತು. ತಿಳಿವಳಿಕೆ ಊರಿನಲ್ಲಿತ್ತು, ದಾಖಲೆ ಇರಲಿಲ್ಲ.

ಹೆಜ್ಜೆ ಹುಡುಕುವವರು ಊರಿನವರು, ಪ್ರಶ್ನೆ ಕೇಳುವವರು ಹೊರಗಿನವರು ಎಂಬ ವಿಂಗಡಣೆ ಅಳಿಯಬೇಕಾದರೆ ಈ ತಾಲ್ಲೂಕುಗಳ ಮಕ್ಕಳೇ ವಿಜ್ಞಾನಿಗಳಾಗಬೇಕು. ಹಾದಿಗಳು ಹಲವಿವೆ. ಪೊನ್ನಂಪೇಟೆ, ಶಿರಸಿಗಳಲ್ಲಿ ಅರಣ್ಯ ಮಹಾವಿದ್ಯಾಲಯಗಳಿವೆ. ಹಾಸನದಲ್ಲಿಯೇ ಪಶುವೈದ್ಯಕೀಯ ಕಾಲೇಜಿದೆ. ಪ್ರಾಣಿಶಾಸ್ತ್ರ, ಸಸ್ಯಶಾಸ್ತ್ರಗಳ ಪದವಿಯೂ ಸಾಕು. ಅನಂತರ ಕುವೆಂಪು ವಿಶ್ವವಿದ್ಯಾಲಯ, ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರ, ಡೆಹರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಗಳಲ್ಲಿ ವನ್ಯಜೀವಿ ವಿಷಯದ ಸ್ನಾತಕೋತ್ತರ ಶಿಕ್ಷಣವಿದೆ. ಗಣಿತವನ್ನು ಕೈಬಿಡಬಾರದು. ಸುರತ್ಕಲ್ಲಿನಲ್ಲಿ ಇಂಜಿನಿಯರಿಂಗ್ ಓದಿದ ಉಲ್ಲಾಸ ಕಾರಂತರು ನಾಗರಹೊಳೆಯ ಹುಲಿಗಳ ಎಣಿಕೆಗೆ ಕ್ಯಾಮರಾದ ಜೊತೆ ಸಂಖ್ಯಾಶಾಸ್ತ್ರವನ್ನು ಜೋಡಿಸಿದ್ದರಿಂದಲೇ ಆ ಎಣಿಕೆ ಜಗತ್ತಿಗೆ ಒಪ್ಪಿಗೆಯಾಯಿತು.

ಕಷ್ಟಗಳನ್ನು ಮರೆಮಾಚುವುದು ಸಲ್ಲದು. ಕಾಯಂ ಹುದ್ದೆಗಳು ವಿರಳ. ಮೊದಲ ವರ್ಷಗಳು ಒಂದೆರಡು ವರ್ಷದ ಯೋಜನೆಗಳಲ್ಲಿ, ಅಲ್ಪ ವೇತನದಲ್ಲಿ ಕಳೆಯುತ್ತವೆ. ಸಂಶೋಧನಾ ಲೇಖನಗಳು ಇಂಗ್ಲಿಷಿನಲ್ಲಿರುವುದರಿಂದ ಆ ಭಾಷೆಯ ಅಭ್ಯಾಸವೂ ಅನಿವಾರ್ಯ. ಮಗಳು ಕಾಡಿಗೆ ಹೋಗುವುದೆಂದರೆ ಮನೆಯಲ್ಲಿ ಆತಂಕ ಸಹಜ. ಆದರೆ ಬೆಳೆ ಕಳೆದುಕೊಂಡ ರೈತನ ಜಗಲಿಯಲ್ಲಿ ಕುಳಿತು ಅವನ ಮಾತಿನಲ್ಲೇ ಮಾತಾಡಬಲ್ಲ ಸಂಶೋಧಕಿಗೆ ಇರುವ ಬಲ ಯಾವ ವಿಶ್ವವಿದ್ಯಾಲಯದಿಂದಲೂ ದೊರೆಯುವುದಲ್ಲ.

ಆರಂಭಕ್ಕೆ ಪದವಿ ಬೇಕಿಲ್ಲ; ಒಂದು ನೋಟ್‌ಬುಕ್ ಸಾಕು. ಊರಿನ ಕೆರೆಯೊಂದನ್ನು ಆರಿಸಿಕೊಂಡು, ವಾರಕ್ಕೊಮ್ಮೆ ಅದೇ ವೇಳೆಗೆ ಹೋಗಿ, ದಿನಾಂಕ, ಹಕ್ಕಿಯ ಹೆಸರು, ಸಂಖ್ಯೆಗಳನ್ನು ಬರೆದಿಡಬೇಕು. ಏನೂ ಕಾಣದ ದಿನವೂ 'ಸೊನ್ನೆ' ಎಂದು ಬರೆಯಬೇಕು; ವಿಜ್ಞಾನದಲ್ಲಿ ಸೊನ್ನೆಗೂ ಬೆಲೆಯಿದೆ. ಐದು ವರ್ಷ ತಪ್ಪದೆ ಬರೆದ ಅಂಥ ಪುಸ್ತಕದ ಮುಂದೆ, ಕೆರೆ ಮುಚ್ಚಲು ಬಂದವರೂ ಉತ್ತರ ಹೇಳಬೇಕಾಗುತ್ತದೆ.